ಇಳಿದ ತೂಕ ಮತ್ತೆ ಏರುವುದೇಕೆ?

ತೂಕ ಇಳಿಸಲು ಹೊರಟ ಬಹುತೇಕರ ಕಥೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಮೊದಲ ವಾರವೇ ಒಂದೆರಡು ಕಿಲೊ ಇಳಿಯುತ್ತದೆ. ಮುಂದಿನ ಮೂರ್ನಾಲ್ಕು ತಿಂಗಳು ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ಆರನೇ ತಿಂಗಳ ಆಸುಪಾಸಿಗೆ ತಕ್ಕಡಿಯ ಮುಳ್ಳು ಅಲ್ಲಾಡುವುದೇ ಇಲ್ಲ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಇಳಿದದ್ದರಲ್ಲಿ ಹೆಚ್ಚಿನ ಪಾಲು ವಾಪಸು ಬಂದಿರುತ್ತದೆ. ‘ಬಾಯಿ ಕಟ್ಟಲಿಲ್ಲ’ ಎಂದು ಸುತ್ತಲಿನವರು ಹೇಳುತ್ತಾರೆ, ಕೇಳಿಸಿಕೊಂಡವರೂ ಅದನ್ನೇ ನಂಬಿ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಈ ತೀರ್ಪು ತಪ್ಪು, ಮತ್ತು ಇದರಿಂದ ಬಹಳ ಜನರಿಗೆ ಅನ್ಯಾಯವಾಗಿದೆ. ಕಳೆದುಕೊಂಡ ಕೊಬ್ಬನ್ನು ಮರಳಿ ತುಂಬಿಸಿಕೊಳ್ಳಲು ದೇಹ ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ತಗ್ಗಿಸುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದ ಪಥ್ಯ ಯಾವುದೇ ಇರಲಿ, ಅದರ ಆಯುಷ್ಯ ಆರು ತಿಂಗಳಷ್ಟೇ.

ತೂಕ ಏರುವ ಬಗೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ 250 ಕೋಟಿ ವಯಸ್ಕರ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಅವರಲ್ಲಿ 89 ಕೋಟಿ ಮಂದಿ ಬೊಜ್ಜಿನ ಹಂತ ಮುಟ್ಟಿದ್ದರು. 1990ರಿಂದೀಚೆಗೆ ವಯಸ್ಕರಲ್ಲಿ ಬೊಜ್ಜಿನ ಪ್ರಮಾಣ ಇಮ್ಮಡಿಗೂ ಮಿಕ್ಕಿದೆ. ಮೂವತ್ತು ವರ್ಷದಲ್ಲಿ ಮನುಷ್ಯಕುಲದ ವಂಶವಾಹಿಗಳು ಬದಲಾಗುವುದಿಲ್ಲ. ಇಷ್ಟು ದೇಶಗಳ ಇಷ್ಟು ಜನರ ಮನೋಬಲ ಒಟ್ಟಿಗೇ ಕುಸಿಯುವುದೂ ಇಲ್ಲ. ಬದಲಾದದ್ದು ತಿನ್ನುವ ಪದಾರ್ಥ, ಮಾಡುವ ಕೆಲಸ, ಮಲಗುವ ಹೊತ್ತು.

ಒಂದು ಕಿಲೊ ಮೈಕೊಬ್ಬಿನಲ್ಲಿ ಸುಮಾರು 7700 ಕಿಲೊಕ್ಯಾಲೊರಿ ಅಡಗಿರುತ್ತದೆ. ವರ್ಷಕ್ಕೆ ಒಂದು ಕಿಲೊ ಏರಬೇಕಾದರೆ ದಿನಕ್ಕೆ ಸರಾಸರಿ 21 ಕಿಲೊಕ್ಯಾಲೊರಿ ಮಿಕ್ಕರೆ ಸಾಕು. ಅಂದರೆ ಒಂದು ಟೀ ಚಮಚ ಸಕ್ಕರೆ. ತೂಕ ಹೆಚ್ಚಿದಂತೆ ದೇಹದ ಖರ್ಚೂ ಹೆಚ್ಚುವುದರಿಂದ ಏರಿಕೆ ಮುಂದುವರಿಯಲು ಊಟವೂ ಚೂರುಚೂರೇ ಬೆಳೆಯುತ್ತಿರಬೇಕು. ಅದು ಬೆಳೆಯುತ್ತದೆ, ಯಾರ ಗಮನಕ್ಕೂ ಬಾರದಷ್ಟು ನಿಧಾನವಾಗಿ. ಹದಿನೈದು ವರ್ಷದಲ್ಲಿ ಹದಿನೈದು ಕಿಲೊ ಏರಿಸಿಕೊಂಡವರು ‘ನಾನೇನೂ ಜಾಸ್ತಿ ತಿನ್ನುತ್ತಿಲ್ಲ’ ಎಂದಾಗ ಸುಳ್ಳು ಹೇಳುತ್ತಿರುವುದಿಲ್ಲ. ದಿನಕ್ಕೆ ಒಂದು ಚಮಚದ ವ್ಯತ್ಯಾಸ ಯಾವ ಕಣ್ಣಿಗೂ ಕಾಣುವಂಥದ್ದಲ್ಲ.

ಹಾಗಾದರೆ ಆ ಹೆಚ್ಚುವರಿ ಎಲ್ಲಿಂದ ಬರುತ್ತದೆ? ಇದಕ್ಕೆ ಒಳ್ಳೆಯ ಉತ್ತರ ಕೊಟ್ಟದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗ. 20 ವಯಸ್ಕರು ನಾಲ್ಕು ವಾರ ಆಸ್ಪತ್ರೆಯಲ್ಲೇ ಉಳಿದರು. ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಇನ್ನೆರಡು ವಾರ ಸಂಸ್ಕರಿಸದ ಪದಾರ್ಥಗಳಿಂದ ಮಾಡಿದ ಅಡುಗೆ. ಬಡಿಸಿಟ್ಟ ಎರಡೂ ಬಗೆಯ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಸರಿಸಮ. ಬೇಕಾದಷ್ಟು ತಿನ್ನಿ, ಬೇಡವಾದರೆ ಬಿಡಿ ಎಂದಷ್ಟೇ ಹೇಳಿದ್ದರು. ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಹೆಚ್ಚು ತಿಂದರು. ಎರಡೇ ವಾರಕ್ಕೆ ಸರಾಸರಿ 0.9 ಕಿಲೊ ಏರಿದರು. ಅಡುಗೆಯ ಊಟದ ಎರಡು ವಾರದಲ್ಲಿ ಅಷ್ಟೇ ಇಳಿದರು. ಜನ ಬದಲಾಗಿರಲಿಲ್ಲ, ಮನೋಬಲವೂ ಬದಲಾಗಿರಲಿಲ್ಲ, ತಟ್ಟೆ ಬದಲಾಗಿತ್ತು.

ಸಂಸ್ಕರಿಸಿದ ಆಹಾರ ಮೆದು, ಬೇಗ ಬಾಯಲ್ಲಿ ಕರಗುತ್ತದೆ. ಆ ಪ್ರಯೋಗದಲ್ಲೂ ಜನ ಅದನ್ನು ಹೆಚ್ಚು ವೇಗವಾಗಿ ತಿಂದಿದ್ದರು. ಹೊಟ್ಟೆ ತುಂಬಿತೆಂಬ ಸುದ್ದಿ ಮೆದುಳಿಗೆ ಮುಟ್ಟಲು ಹೊತ್ತು ಬೇಕು, ಅಷ್ಟರಲ್ಲಿ ತಟ್ಟೆ ಖಾಲಿ. ಜತೆಗೆ ಅದರಲ್ಲಿ ನೀರಿನಂಶ ಕಡಿಮೆಯಾದ್ದರಿಂದ ಒಂದೊಂದು ತುತ್ತಿನಲ್ಲೂ ಕ್ಯಾಲೊರಿ ದಟ್ಟವಾಗಿರುತ್ತದೆ. ಸಿಹಿ ಪಾನೀಯದ ತೊಂದರೆ ಇನ್ನೂ ಒಂದು ಹೆಜ್ಜೆ ಮುಂದೆ. 330 ಮಿಲಿಲೀಟರಿನ ಒಂದು ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ, 140 ಕಿಲೊಕ್ಯಾಲೊರಿ ಇರುತ್ತದೆ. ಅದನ್ನು ಕುಡಿದವರು ಮುಂದಿನ ಊಟದಲ್ಲಿ ಅಷ್ಟನ್ನು ಕಡಿಮೆ ತಿನ್ನುವುದಿಲ್ಲ. ಕುಡಿದದ್ದು ಹೊಟ್ಟೆಯ ಲೆಕ್ಕಕ್ಕೆ ಸರಿಯಾಗಿ ಸಿಕ್ಕುವುದೇ ಇಲ್ಲ.

ನಿದ್ದೆಯನ್ನು ಜನ ಇನ್ನೂ ಹಗುರವಾಗಿಯೇ ಕಾಣುತ್ತಾರೆ. ದಿನಕ್ಕೆ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ ಅಧಿಕ ತೂಕದವರ ನಿದ್ದೆಯನ್ನು ಶಿಕಾಗೊದ ಸಂಶೋಧಕರು ಸುಮಾರು ಒಂದೂಕಾಲು ಗಂಟೆ ಹೆಚ್ಚಿಸಿದಾಗ ಅವರು ತಿನ್ನುವುದು ದಿನಕ್ಕೆ 270 ಕಿಲೊಕ್ಯಾಲೊರಿಯಷ್ಟು ತಾನಾಗಿ ಇಳಿಯಿತು. 2022ರಲ್ಲಿ ಇದು ಪ್ರಕಟವಾಯಿತು. ಪಥ್ಯದ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಒಂದೇ ಊಟ ತಿಂದು ಒಬ್ಬರು ಬಡಕಲಾಗಿ, ಇನ್ನೊಬ್ಬರು ದಪ್ಪಗೆ ಇರುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಕೆನಡಾದ ಕ್ಲೋಡ್ ಬುಶಾರ್ ತಂಡ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತದ್ರೂಪಿ ಅವಳಿಗಳ 12 ಜೋಡಿಗಳಿಗೆ 84 ದಿನ, ದಿನಕ್ಕೆ 1000 ಕಿಲೊಕ್ಯಾಲೊರಿ ಹೆಚ್ಚುವರಿ ಊಟ ಕೊಟ್ಟರು. ಎಲ್ಲರಿಗೂ ಒಂದೇ ಹೆಚ್ಚಳ, ಆದರೆ ಒಬ್ಬರು 4.3 ಕಿಲೊ ಏರಿದರೆ ಇನ್ನೊಬ್ಬರು 13.3 ಕಿಲೊ ಏರಿದರು. ಒಂದೇ ಜೋಡಿಯ ಅಣ್ಣ ತಮ್ಮ ಮಾತ್ರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಏರಿದ್ದರು. ತೂಕಕ್ಕೆ ಸಂಬಂಧಿಸಿದ ವಂಶವಾಹಿಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು ಮೆದುಳಿನಲ್ಲಿ, ಹಸಿವು ಮತ್ತು ತೃಪ್ತಿಯನ್ನು ನಿಯಂತ್ರಿಸುವ ಕಡೆ. ಹಾಗಾಗಿ ವಂಶವಾಹಿ ಎಂದರೆ ಹಣೆಬರಹವಲ್ಲ. ಆದರೆ ಒಬ್ಬರಿಗೆ ಸುಲಭವಾಗಿ ಬಿಟ್ಟೇಳಲು ಆಗುವ ತಟ್ಟೆಯಿಂದ ಇನ್ನೊಬ್ಬರು ಏಳಲು ನಿಜಕ್ಕೂ ಹೆಚ್ಚು ಕಷ್ಟಪಡಬೇಕಾಗುತ್ತದೆ.

ಕೆಲವು ಔಷಧಿಗಳೂ ತೂಕ ಏರಿಸುತ್ತವೆ: ದೀರ್ಘಕಾಲದ ಸ್ಟೀರಾಯ್ಡ್ ಮಾತ್ರೆ, ಇನ್ಸುಲಿನ್, ಮನೋರೋಗಕ್ಕೆ ಕೊಡುವ ಒಲಾಂಜಪಿನ್, ಅಪಸ್ಮಾರಕ್ಕೆ ಕೊಡುವ ವಾಲ್ಪ್ರೊಯೇಟ್, ಖಿನ್ನತೆಗೆ ಕೊಡುವ ಮಿರ್ಟಾಜಪಿನ್. ಇವನ್ನು ತಾವಾಗಿ ನಿಲ್ಲಿಸುವುದು ಅಪಾಯ. ಬದಲಿ ಔಷಧಿ ಇದೆಯೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ಥೈರಾಯ್ಡ್ ಕೊರತೆಯ ಮೇಲೆ ಜನ ಹೊರಿಸುವ ಭಾರ ಮಾತ್ರ ಹೆಚ್ಚಾಯಿತು. ಅದರಿಂದ ಸಾಮಾನ್ಯವಾಗಿ ಏರುವುದು ಕೆಲವೇ ಕಿಲೊ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು.

ಕೊಬ್ಬಿಗೂ ಒಂದು ಕಾವಲು

ನ್ಯೂಯಾರ್ಕಿನ ರಾಕಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನನ್ನು ಪತ್ತೆಹಚ್ಚಿತು. ಇದನ್ನು ಸ್ರವಿಸುವುದು ಕೊಬ್ಬಿನ ಕೋಶಗಳೇ. ಕಣಜದಲ್ಲಿ ಇನ್ನೆಷ್ಟು ಕಾಳು ಉಳಿದಿದೆ ಎಂದು ಮನೆಯ ಯಜಮಾನಿಗೆ ಹೇಳಿಹೋಗುವ ಆಳಿನಂತೆ ಅದು ಮೈಕೊಬ್ಬಿನ ದಾಸ್ತಾನನ್ನು ಮೆದುಳಿಗೆ ವರದಿ ಮಾಡುತ್ತದೆ. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಮೆದುಳು ಅದನ್ನು ಬರಗಾಲದ ಮುನ್ಸೂಚನೆ ಎಂದೇ ಓದುತ್ತದೆ. ಹಸಿವು ಹೆಚ್ಚುತ್ತದೆ, ಮೈ ತಣ್ಣಗಾಗುತ್ತದೆ, ಓಡಾಟ ತಾನಾಗಿ ಕಡಿಮೆಯಾಗುತ್ತದೆ. ಕೊಬ್ಬು ಹೆಚ್ಚಾದಾಗ ಲೆಪ್ಟಿನ್ ಏರುವುದೇನೋ ನಿಜ, ಆದರೆ ಆ ವರದಿಗೆ ಮೆದುಳು ಅಷ್ಟಾಗಿ ಕಿವಿಗೊಡುವುದಿಲ್ಲ. ತೂಕ ಏರದಂತೆ ಸಡಿಲ ಕಾವಲು, ಇಳಿಯದಂತೆ ಬಿಗಿ ಕಾವಲು: ಇಡೀ ಸಮಸ್ಯೆಯ ಬೇರು ಈ ಏರುಪೇರಿನಲ್ಲಿದೆ.

ಹೊಟ್ಟೆಯಿಂದ ಹೊರಡುವ ಗ್ರೆಲಿನ್ ಎಂಬ ಹಾರ್ಮೋನು ಹಸಿವನ್ನು ಕೆರಳಿಸುತ್ತದೆ. ಕರುಳಿನಿಂದ ಹೊರಡುವ ಜಿಎಲ್‌ಪಿ-1, ಪಿವೈವೈ ಮುಂತಾದವು ‘ಸಾಕು’ ಎನ್ನುತ್ತವೆ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 50 ಜನರಿಗೆ ಹತ್ತು ವಾರ ಅತಿ ಕಡಿಮೆ ಕ್ಯಾಲೊರಿಯ ಪಥ್ಯ ಮಾಡಿಸಿ, ಒಂದು ವರ್ಷದ ನಂತರ ಈ ಹಾರ್ಮೋನುಗಳನ್ನು ಮತ್ತೆ ಅಳೆದರು. ಒಂದು ವರ್ಷ ಕಳೆದರೂ ಹಸಿವಿನ ಹಾರ್ಮೋನು ಮೊದಲಿಗಿಂತ ಮೇಲೆಯೇ ಇತ್ತು, ತೃಪ್ತಿಯವು ಕೆಳಗೆಯೇ ಇದ್ದವು. 2011ರಲ್ಲಿ ಬಂದ ಈ ವರದಿಯನ್ನು ಓದಿದ ಮೇಲೂ ‘ಮೂರು ತಿಂಗಳು ಕಷ್ಟಪಡಿ, ಆಮೇಲೆ ಅಭ್ಯಾಸವಾಗುತ್ತದೆ’ ಎಂದು ಹೇಳುವುದು ಸರಿಯಲ್ಲ.

ಇದು ದಪ್ಪಗಿದ್ದವರ ದೌರ್ಬಲ್ಯವೇನೂ ಅಲ್ಲ ಎಂಬುದಕ್ಕೆ ಹಳೆಯ ಸಾಕ್ಷಿ ಮಿನೆಸೋಟದ ಉಪವಾಸ ಪ್ರಯೋಗ. 1944-45ರಲ್ಲಿ ಆನ್ಸೆಲ್ ಕೀಸ್ ನೇತೃತ್ವದಲ್ಲಿ 36 ಮಂದಿ ಆರೋಗ್ಯವಂತ, ತೆಳ್ಳಗಿನ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಅವರು ದೇಹತೂಕದ ಕಾಲುಭಾಗ ಕಳೆದುಕೊಂಡರು. ವಿಶ್ರಾಂತಿಯಲ್ಲಿದ್ದಾಗ ದೇಹ ವ್ಯಯಿಸುವ ಶಕ್ತಿ ಶೇ 40ರಷ್ಟು ಕುಸಿಯಿತು. ಹಗಲಿರುಳು ಊಟದ್ದೇ ಯೋಚನೆ, ಪಾಕಪುಸ್ತಕ ಓದುವ ಗೀಳು. ನಿರ್ಬಂಧ ತೆಗೆದ ಮೇಲೆ ಎಷ್ಟು ತಿಂದರೂ ತಣಿಯಲಿಲ್ಲ, ಮೈಕೊಬ್ಬು ಮೊದಲಿದ್ದ ಮಟ್ಟವನ್ನೂ ದಾಟಿತು. ಎಂದೂ ದಪ್ಪಗಿರದ ಯುವಕರ ಪಾಡೇ ಇದಾಗಿತ್ತು.

ಇನ್ನೊಂದು ಕಾರಣ ಕೊಬ್ಬಿನ ಕೋಶಗಳಲ್ಲೇ ಇದೆ. ತೂಕ ಇಳಿದಾಗ ಅವು ಸಾಯುವುದಿಲ್ಲ, ಕುಗ್ಗುತ್ತವೆ. ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಸಂಶೋಧಕರು 2008ರಲ್ಲಿ ತೋರಿಸಿದಂತೆ ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಕೋಶ ಸತ್ತರೂ ಅಷ್ಟೇ ಹೊಸವು ಹುಟ್ಟಿಕೊಳ್ಳುತ್ತವೆ. ಬಹಳಷ್ಟು ತೂಕ ಇಳಿಸಿಕೊಂಡವರಲ್ಲೂ ಕೋಶಗಳ ಸಂಖ್ಯೆ ಇಳಿದಿರಲಿಲ್ಲ. ಆ ಸಂಖ್ಯೆ ಬಹುಮಟ್ಟಿಗೆ ನಿರ್ಧಾರವಾಗುವುದು ಬಾಲ್ಯ ಮತ್ತು ಹದಿಹರೆಯದಲ್ಲಿ.

ತಕ್ಕಡಿಯ ಮುಳ್ಳು ನಿಲ್ಲುವ ಲೆಕ್ಕ

90 ಕಿಲೊ ತೂಕದ ಒಬ್ಬರನ್ನು ತೆಗೆದುಕೊಳ್ಳೋಣ. ದಿನಕ್ಕೆ 2400 ಕಿಲೊಕ್ಯಾಲೊರಿ ತಿಂದು ಅಷ್ಟನ್ನೇ ಖರ್ಚು ಮಾಡುತ್ತ ತೂಕ ಸ್ಥಿರವಾಗಿದೆ. ಈಗ ಊಟವನ್ನು 1900ಕ್ಕೆ ಇಳಿಸುತ್ತಾರೆ. ದಿನಕ್ಕೆ 500ರ ಕೊರತೆ, ವಾರಕ್ಕೆ 3500, ಅಂದರೆ ಅರ್ಧ ಕಿಲೊಗಿಂತ ತುಸು ಕಡಿಮೆ ಕೊಬ್ಬು. ತಕ್ಕಡಿ ತೋರಿಸುವುದು ಒಂದೂವರೆ, ಎರಡು ಕಿಲೊ. ಹೆಚ್ಚುವರಿ ಇಳಿದದ್ದು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ರೂಪದಲ್ಲಿ ನಾಲ್ಕೈದು ನೂರು ಗ್ರಾಂ ಪಿಷ್ಟ ಕೂಡಿರುತ್ತದೆ, ಪ್ರತಿ ಗ್ರಾಂ ಅದರ ಮೂರರಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಥ್ಯದ ಮೊದಲ ದಿನಗಳಲ್ಲಿ ಅದು ಖಾಲಿಯಾಗುತ್ತದೆ. ‘ವಾರಕ್ಕೆ ಮೂರು ಕಿಲೊ’ ಎಂಬ ಜಾಹೀರಾತುಗಳೆಲ್ಲ ಮಾರುತ್ತಿರುವುದು ಈ ನೀರನ್ನೇ.

ಹತ್ತು ಕಿಲೊ ಇಳಿದಾಗ ಏನಾಗುತ್ತದೆ ನೋಡಿ. ಇಳಿದ ಪ್ರತಿ ಕಿಲೊಗೆ ದೇಹದ ದಿನದ ಖರ್ಚು 20ರಿಂದ 30 ಕಿಲೊಕ್ಯಾಲೊರಿ ತಗ್ಗುತ್ತದೆ. ಹತ್ತು ಕಿಲೊಗೆ 250 ಎಂದಿಟ್ಟುಕೊಳ್ಳಿ. ಖರ್ಚು ಈಗ 2150. 1900 ತಿನ್ನುವುದನ್ನು ಒಂದಿಷ್ಟೂ ತಪ್ಪಿಸದಿದ್ದರೂ ಕೊರತೆ ಅರ್ಧಕ್ಕೆ ಇಳಿಯಿತು. ಇದಕ್ಕಿಂತ ದೊಡ್ಡ ಹೊಡೆತ ಹಸಿವಿನದು. ಹಾಲ್ ಅವರ ತಂಡ 2016ರಲ್ಲಿ ಲೆಕ್ಕ ಹಾಕಿದಂತೆ ಇಳಿದ ಪ್ರತಿ ಕಿಲೊಗೆ ಹಸಿವು ದಿನಕ್ಕೆ ಸುಮಾರು 100 ಕಿಲೊಕ್ಯಾಲೊರಿಯಷ್ಟು ಹೆಚ್ಚುತ್ತದೆ. ಹತ್ತು ಕಿಲೊಗೆ ಸಾವಿರ. ದಿನವಿಡೀ ಸಾವಿರ ಕಿಲೊಕ್ಯಾಲೊರಿಯ ಸೆಳೆತವನ್ನು ಎದುರಿಸುತ್ತಿರುವ ಆ ವ್ಯಕ್ತಿ ಮುಕ್ಕಾಲು ಭಾಗವನ್ನು ಗೆದ್ದು ಕಾಲು ಭಾಗಕ್ಕೆ ಮಾತ್ರ ಸೋತರೂ 250 ಒಳಗೆ ಹೋಯಿತು, ಉಳಿದಿದ್ದ ಕೊರತೆ ಸೊನ್ನೆಯಾಯಿತು. ಆ 250 ಎಂದರೆ ಎರಡು ದೊಡ್ಡ ಚಮಚ ಎಣ್ಣೆ, ಅಷ್ಟೇ. ಮುಳ್ಳು ನಿಲ್ಲುತ್ತದೆ. ಅವರ ಮಟ್ಟಿಗೆ ಅವರು ಮೊದಲಿನಷ್ಟೇ ಕಷ್ಟಪಡುತ್ತಿದ್ದಾರೆ, ನಿಜಕ್ಕೂ ಮೊದಲಿಗಿಂತ ಹೆಚ್ಚು.

ಇಲ್ಲಿ ಲೆಕ್ಕದ ತಪ್ಪೂ ಸೇರಿಕೊಳ್ಳುತ್ತದೆ. ‘1200 ಕಿಲೊಕ್ಯಾಲೊರಿ ಮಾತ್ರ ತಿಂದರೂ ಇಳಿಯುತ್ತಿಲ್ಲ’ ಎನ್ನುತ್ತಿದ್ದವರನ್ನು ನ್ಯೂಯಾರ್ಕಿನಲ್ಲಿ ನಿಖರವಾಗಿ ಅಳೆದು 1992ರಲ್ಲಿ ಪ್ರಕಟಿಸಿದಾಗ, ಅವರು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ, ಮಾಡಿದ ಚಟುವಟಿಕೆಯನ್ನು ಶೇ 51ರಷ್ಟು ಹೆಚ್ಚು ಎಂದು ಬರೆದಿದ್ದುದು ತಿಳಿಯಿತು. ಮೋಸದ ಉದ್ದೇಶ ಇರಲಿಲ್ಲ. ಎಲ್ಲರ ಅಂದಾಜೂ ಈ ದಿಕ್ಕಿನಲ್ಲೇ ಜಾರುತ್ತದೆ.

ಅತಿವೇಗದಲ್ಲಿ ಇಳಿದ ಮೇಲೆ ದೇಹದ ಖರ್ಚು ಎಷ್ಟು ಕುಸಿಯಬಹುದು ಎಂಬುದಕ್ಕೆ ತೂಕ ಇಳಿಸುವ ಟಿ.ವಿ. ಸ್ಪರ್ಧೆಯೊಂದರ 14 ಸ್ಪರ್ಧಿಗಳ ಅಧ್ಯಯನವಿದೆ. ಸರಾಸರಿ 58 ಕಿಲೊ ಇಳಿದಿದ್ದ ಅವರು ಆರು ವರ್ಷದಲ್ಲಿ 41 ಕಿಲೊ ಮರಳಿ ಏರಿದ್ದರು. ಅಷ್ಟು ಏರಿದ ಮೇಲೂ ವಿಶ್ರಾಂತಿಯ ಖರ್ಚು ಆ ಗಾತ್ರದ ದೇಹಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಕಡಿಮೆಯೇ ಇತ್ತು.

ಉಳಿಸಿಕೊಳ್ಳುವಂಥ ಇಳಿಕೆ

ಮೊದಲು ಗುರಿ. ‘ಮದುವೆಗೆ ಮುಂಚೆ ಇದ್ದ ತೂಕ’ ಬಹಳ ಜನರಿಗೆ ದಕ್ಕದ ಗುರಿ, ಅದು ಸಿಗಲಿಲ್ಲವೆಂದು ಸಿಕ್ಕಿದ್ದನ್ನೂ ಕೈಬಿಡುತ್ತಾರೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನದ ಗುರಿ ಶೇ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆ. ಮಧುಮೇಹದ ಅಂಚಿನಲ್ಲಿದ್ದವರಲ್ಲಿ ಅದು ಕಾಯಿಲೆಯ ಸಾಧ್ಯತೆಯನ್ನು ಶೇ 58 ತಗ್ಗಿಸಿತು. 90 ಕಿಲೊದವರಿಗೆ ಶೇ 7 ಎಂದರೆ ಆರು ಚಿಲ್ಲರೆ ಕಿಲೊ. ಅದನ್ನು ಉಳಿಸಿಕೊಂಡವರು ಗೆದ್ದವರೇ.

ಅಳೆಯುವುದಾದರೆ ತೂಕದ ಜತೆ ಸೊಂಟವನ್ನೂ ಅಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ ಟೇಪು ಸುತ್ತಬೇಕು. ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ತೂಕವನ್ನು ಬೆಳಿಗ್ಗೆ ಶೌಚದ ನಂತರ, ತಿನ್ನುವ ಮೊದಲು ನೋಡಿ ವಾರದ ಸರಾಸರಿ ಬರೆದಿಡಿ. ಉಪ್ಪು, ಮಲಬದ್ಧತೆ, ಮುಟ್ಟಿನ ದಿನಗಳಿಂದ ಒಂದೆರಡು ಕಿಲೊ ಅತ್ತಿತ್ತ ಆಗುವುದು ಸಹಜ. ಒಂದು ದಿನದ ಅಂಕಿ ನೋಡಿ ಯಾವ ನಿರ್ಧಾರವನ್ನೂ ಮಾಡಬಾರದು.

ಊಟದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಹಸಿವು ತಣಿಸುವ ಬದಲಾವಣೆಗಳು, ಸೈರಣೆ ಬೇಡುವವಲ್ಲ. ಸಿಹಿ ಪಾನೀಯವನ್ನು ಪೂರ್ತಿ ಬಿಡಿ, ಹಣ್ಣಿನ ರಸವನ್ನೂ ಸೇರಿಸಿ. ಎಣ್ಣೆಯನ್ನು ಬಾಟಲಿಯಿಂದ ಸುರಿಯದೆ ಚಮಚದಲ್ಲಿ ಅಳೆದು ಹಾಕಿ. 15 ಮಿಲಿಲೀಟರಿನ ಒಂದು ಚಮಚ ಎಣ್ಣೆಗೆ 120 ಕಿಲೊಕ್ಯಾಲೊರಿ, ಕೈಯಂದಾಜು ಸುಲಭವಾಗಿ ಇಮ್ಮಡಿಯಾಗುತ್ತದೆ. ಪ್ರೋಟೀನನ್ನು ಗುರಿ ತೂಕದ ಪ್ರತಿ ಕಿಲೊಗೆ ದಿನಕ್ಕೆ 1.2 ಗ್ರಾಂನಷ್ಟು, ಅಂದರೆ 70 ಕಿಲೊಗೆ 84 ಗ್ರಾಂ, ಎಲ್ಲ ಊಟಗಳಿಗೂ ಹಂಚಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಹೆಚ್ಚಿಸಬಾರದು. ಪ್ರೋಟೀನು ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತೆ ಇಡುತ್ತದೆ, ಮೇಲಾಗಿ ಅದರ ನೂರು ಕ್ಯಾಲೊರಿಯಲ್ಲಿ 20ರಿಂದ 30 ಜೀರ್ಣಕ್ಕೇ ಖರ್ಚಾಗುತ್ತದೆ. ಕೊಬ್ಬಿನಲ್ಲಿ ಹಾಗೆ ಖರ್ಚಾಗುವುದು ಹೆಚ್ಚೆಂದರೆ ಮೂರು. ತಟ್ಟೆಯ ಅರ್ಧ ತರಕಾರಿಯಾಗಲಿ.

ಪಿಷ್ಟ ಬಿಡುವುದೋ, ಕೊಬ್ಬು ಬಿಡುವುದೋ, ಹೊತ್ತು ನೋಡಿ ಉಪವಾಸ ಮಾಡುವುದೋ ಎಂಬ ಜಗಳಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಒಂದು ವರ್ಷ ದಾಟಿದ ಮೇಲೆ ಇವುಗಳ ನಡುವಿನ ವ್ಯತ್ಯಾಸ ಅತ್ಯಲ್ಪ. ಯಾವುದನ್ನು ಮೂರನೇ ವರ್ಷವೂ ಮಾಡಬಲ್ಲಿರೋ ಅದೇ ನಿಮ್ಮದು.

ವ್ಯಾಯಾಮದ ವಿಷಯದಲ್ಲಿ ನಿರೀಕ್ಷೆಯೇ ತಪ್ಪಿರುತ್ತದೆ. 70 ಕಿಲೊದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಕೂತಿದ್ದಕ್ಕಿಂತ ಸುಮಾರು 100 ಕಿಲೊಕ್ಯಾಲೊರಿ ಹೆಚ್ಚು ಖರ್ಚು. ವಾರಕ್ಕೆ ಐದು ದಿನವಾದರೆ ಒಂದು ಕಿಲೊ ಕೊಬ್ಬಿಗೆ ಹದಿನೈದು ವಾರ ಬೇಕು, ಅದೂ ನಡೆದು ಬಂದು ಹೆಚ್ಚು ತಿನ್ನದಿದ್ದರೆ. ಆದರೆ ಇಳಿದದ್ದನ್ನು ಉಳಿಸಿಕೊಳ್ಳುವಾಗ ನಡಿಗೆಯ ಬೆಲೆ ತಿಳಿಯುತ್ತದೆ. ತಗ್ಗಿದ ಆ 250 ಕಿಲೊಕ್ಯಾಲೊರಿ ಖರ್ಚನ್ನು ಸ್ವಲ್ಪಮಟ್ಟಿಗಾದರೂ ತುಂಬಿಕೊಡುವುದು ಅದೇ. ವಾರಕ್ಕೆ 200ರಿಂದ 300 ನಿಮಿಷ ಬೇಕಾಗುತ್ತದೆ. ಇದರೊಂದಿಗೆ ವಾರಕ್ಕೆ ಎರಡು ಸಲ ಭಾರ ಎತ್ತುವ ವ್ಯಾಯಾಮ ಇರಲಿ. ಒಂದು ಕಿಲೊ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಸುಡುವುದು 13 ಕಿಲೊಕ್ಯಾಲೊರಿ ಮಾತ್ರ, ಹಾಗಾಗಿ ‘ಸ್ನಾಯು ಬೆಳೆಸಿದರೆ ಕೊಬ್ಬು ತಾನೇ ಕರಗುತ್ತದೆ’ ಎಂಬುದು ಉತ್ಪ್ರೇಕ್ಷೆ. ಭಾರ ಎತ್ತಬೇಕಾದದ್ದು ಬೇರೆ ಕಾರಣಕ್ಕೆ: ಪಥ್ಯದಲ್ಲಿ ಇಳಿಯುವ ತೂಕದ ಕಾಲುಭಾಗದಷ್ಟು ಕೊಬ್ಬಲ್ಲ, ಸ್ನಾಯುವೂ ಅದರಲ್ಲಿ ಸೇರಿರುತ್ತದೆ. ಅದನ್ನು ಕಾಪಾಡಬೇಕು. ಹೊಟ್ಟೆಯ ಕಸರತ್ತಿನಿಂದ ಹೊಟ್ಟೆಯದೇ ಕೊಬ್ಬು ಕರಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಆಗದವರಿಗೆ ಔಷಧಿ ತೆಗೆದುಕೊಳ್ಳುವುದು ಸೋಲಲ್ಲ. ಜಿಎಲ್‌ಪಿ-1ರ ಕೆಲಸವನ್ನು ಅನುಕರಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದು ವಾರಕ್ಕೆ 2.4 ಮಿಲಿಗ್ರಾಂನಂತೆ 68 ವಾರದಲ್ಲಿ ಸರಾಸರಿ ಶೇ 14.9 ತೂಕ ಇಳಿಸಿತು, ಹುಸಿಮದ್ದು ಪಡೆದವರಲ್ಲಿ ಶೇ 2.4. ಟಿರ್ಜೆಪಟೈಡ್ ಇನ್ನೂ ಮುಂದೆ, ಹೆಚ್ಚಿನ ಪ್ರಮಾಣದಲ್ಲಿ ಸುಮಾರು ಶೇ 20. ಓಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ, ಪ್ರಮಾಣವನ್ನು ತಿಂಗಳಿಗೊಮ್ಮೆ ಮೆಲ್ಲಗೆ ಏರಿಸುವುದು ಅದಕ್ಕೇ. ಗರ್ಭಿಣಿಯರಿಗೆ, ಮನೆತನದಲ್ಲಿ ಮೆಡ್ಯುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇರುವವರಿಗೆ ಇವು ಸಲ್ಲವು. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದದ್ದರ ಮೂರನೇ ಎರಡರಷ್ಟು ಮರಳಿತು. ರಕ್ತದೊತ್ತಡದ ಮಾತ್ರೆ ನಿಲ್ಲಿಸಿದರೆ ಒತ್ತಡ ಏರುವಂತೆಯೇ ಇದೂ. ಆರಂಭಿಸುವ ಮೊದಲೇ ಎಷ್ಟು ಕಾಲ ಮುಂದುವರಿಸಲು ಸಾಧ್ಯ ಎಂದು ವೈದ್ಯರೊಂದಿಗೆ ಮಾತಾಡಿಕೊಳ್ಳಬೇಕು. ತೀವ್ರ ಬೊಜ್ಜಿಗೆ ಶಸ್ತ್ರಚಿಕಿತ್ಸೆ ಶೇ 25ರಿಂದ 30ರಷ್ಟು ಇಳಿಸುತ್ತದೆ, ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಬದುಕಿಡೀ ನುಂಗಬೇಕಾಗುತ್ತದೆ.

ಗುರಿ ಮುಟ್ಟಿದ ದಿನ ಎರಡು ಅಂಕಿ ಬರೆದಿಟ್ಟುಕೊಳ್ಳಿ: ಅಂದಿನ ವಾರದ ಸರಾಸರಿ, ಮತ್ತು ಅದಕ್ಕೆ ಎರಡು ಕಿಲೊ ಕೂಡಿಸಿದ ಎಚ್ಚರಿಕೆಯ ಗೆರೆ. ಸರಾಸರಿ ಆ ಗೆರೆ ದಾಟಿದ ವಾರವೇ ಎಣ್ಣೆಯ ಚಮಚ, ತಿಂಡಿ, ನಡಿಗೆಯ ನಿಮಿಷ, ನಿದ್ದೆಯ ಗಂಟೆ, ಹೊಸದಾಗಿ ಶುರುವಾದ ಮಾತ್ರೆ ಈ ಐದನ್ನು ಒಂದೊಂದಾಗಿ ನೋಡಿ, ಜಾರಿದ್ದನ್ನು ಸರಿಪಡಿಸಿ. ಎರಡು ಕಿಲೊ ತಿಂಗಳೊಂದರಲ್ಲಿ ಇಳಿಯುತ್ತದೆ. ಹತ್ತು ಆಗುವವರೆಗೆ ಬಿಟ್ಟರೆ ಮೇಲಿನ ಲೆಕ್ಕವೆಲ್ಲ ಮೊದಲಿಂದ ಶುರು.